ಕೊಟ್ಟಿಗೆ ಪಕ್ಕದ ಆಸ್ಟಿನ್, ಬಿರುಕು ಬಿಟ್ಟ ಹಿತ್ತಾಳೆ ಮುಚ್ಚಳ

ಪ್ರಶ್ನೆ: ತಾತ ಕೊಂಡಿದ್ದ 1929ರ ಆಸ್ಟಿನ್ ಸೆವೆನ್ ಕಾರು ನಮ್ಮಲ್ಲಿ ಇನ್ನೂ ಓಡುತ್ತದೆ. ಕೊಟ್ಟಿಗೆಗೆ ಅಂಟಿಕೊಂಡ ಶೆಡ್ಡಿನಲ್ಲಿ ನಿಲ್ಲಿಸುತ್ತೇವೆ. ರೇಡಿಯೇಟರ್ ಮುಚ್ಚಳದ ನಿಕ್ಕಲ್ ಅಲ್ಲಲ್ಲಿ ಹೋಗಿ ಹಿತ್ತಾಳೆ ಕಾಣುತ್ತಿದೆ. ಥ್ರೆಡ್ ಸುತ್ತ ಬಿಳಿ ಪುಡಿ, ಅಂಚಿನಲ್ಲಿ ಹಸಿರು. ಆಯುಧಪೂಜೆ ಬಂತೆಂದರೆ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಈ ಸಲ ಮಳೆಗಾಲ ಕಳೆದು ನೋಡಿದರೆ ಕೂದಲೆಳೆಯಂಥ ಎರಡು ಬಿರುಕು! ಎಲ್ಲೂ ತಗುಲಿಲ್ಲ, ಬಿದ್ದೂ ಇಲ್ಲ. ಏಕೆ ಹೀಗಾಯಿತು?
– ಓದುಗರು, ಸಕಲೇಶಪುರ

ಉತ್ತರ: ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ‘ಕೊಟ್ಟಿಗೆ’ ಎಂಬ ಮಾತಿನ ಮೇಲೆ. ಹಸಿರು ಕಿಲುಬು ನೋಡಲು ಅಸಹ್ಯ, ಆದರೆ ಅದರಿಂದ ಮುಚ್ಚಳ ಸೀಳುವುದಿಲ್ಲ. ಸೀಳಿದ್ದು ಬಹುಶಃ ಗಂಜಲದಿಂದ ಏಳುವ ಅಮೋನಿಯಾ.

ಇದಕ್ಕೆ ಹಳೆಯ ಕಥೆಯೊಂದಿದೆ, ಅದೂ ನಮ್ಮ ದೇಶದ್ದೇ. ಬ್ರಿಟಿಷ್ ಸೇನೆ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದರೆ, ಒಮ್ಮೆಯೂ ಹಾರಿಸದ ತೋಟಾಗಳ ಕವಚ ಬಿರುಕು ಬಿಟ್ಟಿರುತ್ತಿತ್ತು. ಮಳೆಗಾಲದ ರೋಗವೆಂದು ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರೇ ಬಿತ್ತು. ಕುದುರೆ ಮೂತ್ರದ ಅಮೋನಿಯಾ, ತೇವ, ಮತ್ತು ಕವಚವನ್ನು ತಣ್ಣಗೇ ಎಳೆದು ರೂಪಿಸುವಾಗ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಸೇರಿ ಹಾಗಾಗುತ್ತದೆಂದು 1921ರಲ್ಲಿ ವಿವರಿಸಲಾಯಿತು. ಒತ್ತಿ ರೂಪಿಸಿದ ಮುಚ್ಚಳದಲ್ಲೂ ಅದೇ ಬಿಗಿತ ಇರುತ್ತದೆ. ನಿಕ್ಕಲ್ ಲೇಪ ಗಟ್ಟಿಯಿದ್ದಷ್ಟು ಕಾಲ ಅದೇ ರಕ್ಷೆ. ಅದು ಸವೆದಲ್ಲಿಂದ ಅಮೋನಿಯಾಕ್ಕೆ ಬಾಗಿಲು ತೆರೆದಂತೆ.

ಹಾಗಾಗಿ ಮೊದಲು ಕಾರಿನ ಜಾಗ ಬದಲಿಸಿ. ಅಷ್ಟು ಆಗದಿದ್ದರೆ ಓಡಿಸದ ತಿಂಗಳುಗಳಲ್ಲಿ ಮುಚ್ಚಳ ಬಿಚ್ಚಿ, ಒರೆಸಿ, ಮನೆಯೊಳಗೆ ಇಡಿ. ರೇಡಿಯೇಟರ್ ಬಾಯಿಗೆ ಒಂದು ಕಾರ್ಕ್ ಸಾಕು. ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಹಿತ್ತಾಳೆ ಪಾಲಿಶ್ ಎರಡೂ ಬೇಡ. ಡಬ್ಬಿ ತೆರೆದಾಗ ಮೂಗಿಗೆ ಚುರ್ ಎಂದರೆ ಪಕ್ಕಕ್ಕಿಡಿ.

ಬಿರುಕಿನ ವಿಚಾರ. ಆಸ್ಟಿನ್ ಸೆವೆನ್‌ನಲ್ಲಿ ನೀರು ಕಾದಂತೆ ತಾನೇ ಮೇಲೇರಿ, ತಣಿದು ಕೆಳಗಿಳಿಯುತ್ತದೆ. ಪಂಪಿನ ಕೆಲಸವಿಲ್ಲ, ಒಳಗೆ ಒತ್ತಡವೂ ಇಲ್ಲ. ಆದ್ದರಿಂದ ಕೂದಲೆಳೆ ಬಿರುಕಿಗೆ ಒಳಗಿನಿಂದ ಮೆದು ತವರದ ಬೆಸುಗೆ ಸಾಕಾಗುತ್ತದೆ. ಬಿರುಕು ಥ್ರೆಡ್‌ವರೆಗೆ ಓಡಿದ್ದರೆ ಮಾತ್ರ ಬೆಳ್ಳಿ ಬೆಸುಗೆ ಬೇಕು. ಊರಿನ ಅಕ್ಕಸಾಲಿಗರ ಕೈ ಇಂಥದ್ದಕ್ಕೆ ಎಷ್ಟೋ ಗ್ಯಾರೇಜುಗಳಿಗಿಂತ ನವಿರು. ಬೆಸುಗೆ ಹಿಡಿಯಲೆಂದು ಹಚ್ಚಿದ ಫ್ಲಕ್ಸ್ ಲೇಪವನ್ನು ಬಿಸಿನೀರಲ್ಲಿ ಪೂರ್ತಿ ತೊಳೆಯಿರಿ. ಉಳಿದರೆ ಅದೇ ಹೊಸ ಕಿಲುಬು ತರುತ್ತದೆ.

ಬಿಳಿ ಪುಡಿ ಬೇರೆ ಸಂಗತಿ, ಅದು ನೀರಿನ ಉಪ್ಪು. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ನಿಮ್ಮೂರಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲೇ ಕುದಿಯುತ್ತದೆ. ಘಾಟಿ ಹತ್ತುವಾಗ ಮುಚ್ಚಳದ ಸಂದಿಯಿಂದ ನುಸುಳಿದ ಹನಿ ಆರಿ, ಗಡಸು ನೀರಿನ ಸುಣ್ಣ ಅಲ್ಲೇ ಕೂರುತ್ತದೆ. ಬೋರ್‌ವೆಲ್ ನೀರು ಬಿಟ್ಟು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ತುಕ್ಕು ತಡೆಯುವ ಕೂಲೆಂಟ್ ಬೆರೆಸಿ. ಹಿತ್ತಾಳೆ, ತಾಮ್ರ, ಸೀಸದ ಬೆಸುಗೆ ಇರುವ ಇಂಥ ರೇಡಿಯೇಟರಿಗೆ ಹಳೆಯ ಸಿಲಿಕೇಟ್ ಬಗೆಯದ್ದೇ ಆಗಬೇಕು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಡಬ್ಬಿಯ ಮೇಲೆ ‘ಓಎಟಿ’ (ಸಾವಯವ ಆಮ್ಲದ ಹೊಸ ಬಗೆ) ಎಂದು ಬರೆದಿದ್ದರೆ ಬೇಡ. ಮುಚ್ಚಳದೊಳಗಿನ ವಾಷರ್ ಒಣಗಿ ಗಟ್ಟಿಯಾಗಿದ್ದರೆ ಕಾರ್ಕ್ ಅಥವಾ ನೈಟ್ರೈಲ್ ರಬ್ಬರಿನದು ಕತ್ತರಿಸಿ ಹಾಕಿ, ಥ್ರೆಡ್ಡಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಬಿಗಿದುಕೊಂಡ ಮುಚ್ಚಳಕ್ಕೆ ಪೈಪ್ ರೆಂಚ್ ಹಾಕಬೇಡಿ. ಎಂಜಿನ್ ತಣ್ಣಗಿದ್ದಾಗ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟು, ಆಮೇಲೆ ಚರ್ಮದ ಬೆಲ್ಟಿನಿಂದ ತಿರುಗಿಸಿ.

ಇನ್ನು ಅಮ್ಮನವರ ಹುಣಸೆಹಣ್ಣು. ದೇವರ ದೀಪಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅರೆಬರೆ ನಿಕ್ಕಲ್ ಉಳಿದ ಮುಚ್ಚಳದಲ್ಲಿ ಹುಳಿ ಲೇಪದ ಅಂಚಿನೊಳಗೆ ನುಗ್ಗಿ ಕೆಳಗಿನ ಹಿತ್ತಾಳೆಯನ್ನು ತಿನ್ನುತ್ತದೆ, ಜೊತೆಗೆ ತಿಕ್ಕುವ ನಾರು ನಿಕ್ಕಲನ್ನೂ ಸವೆಸುತ್ತದೆ. ಸೌಮ್ಯ ಸೋಪಿನ ನೀರು, ಮೆತ್ತನೆ ಬಟ್ಟೆ, ಒಣಗಿದ ಮೇಲೆ ತೆಳು ವ್ಯಾಕ್ಸ್, ಇಷ್ಟೇ ಸಾಕು. ಪೂಜೆಯ ಅರಿಶಿನ ಕುಂಕುಮ, ಹೂವು ಧಾರಾಳವಾಗಿ ಇರಲಿ, ಆದರೆ ಮರುದಿನವೇ ಒರೆಸಿಬಿಡಿ.

ಪ್ರಶ್ನೆ: ನನ್ನ 1938ರ ಕಾರಿನ ಮುಚ್ಚಳದ ಕ್ರೋಮ್ ಹಪ್ಪಳದಂತೆ ಉಬ್ಬಿದೆ. ಉಜ್ಜಿ ಹೊಸದಾಗಿ ಪ್ಲೇಟಿಂಗ್ ಮಾಡಿಸಿದರೆ ಆದೀತೆ?
– ಓದುಗರು, ಮೈಸೂರು

ಉತ್ತರ: ಒಳಭಾಗದಲ್ಲಿ, ಕಾಣದ ಕಡೆ, ಅರದಿಂದ ಒಂದೇ ಗೀಟು ಎಳೆಯಿರಿ. ಹಳದಿ ಕಂಡರೆ ಹಿತ್ತಾಳೆ, ನಿಶ್ಚಿಂತೆ. ಬೂದು ಬಿಳಿ ಕಂಡು, ಅಯಸ್ಕಾಂತಕ್ಕೂ ಅಂಟದಿದ್ದರೆ ಅದು ಸತುವಿನ ಎರಕ. ಕ್ರೋಮ್ ಪದರ ಮೈಕ್ರಾನಿನ ಒಂದು ಭಾಗದಷ್ಟೇ ತೆಳು, ತುಂಬ ಸಣ್ಣ ಸೀಳುಗಳಿರುತ್ತವೆ. ನಿಜವಾಗಿ ಕಾಯುವುದು ಅದರಡಿಯ ನಿಕ್ಕಲ್ ಮತ್ತು ತಾಮ್ರ. ಅವು ತೂತಾದರೆ ಸತು ಕೊಳೆತು ಲೇಪವನ್ನು ಮೇಲೆತ್ತುತ್ತದೆ.

ದುರಸ್ತಿ ಆಗುತ್ತದೆ, ಆದರೆ ತಾಳ್ಮೆಯ ಕೆಲಸ. ಗುಳಿಗಳ ಬಿಳಿ ಪುಡಿಯನ್ನು ಪೂರ್ತಿ ಕೊರೆದು ತೆಗೆದು, ತಾಮ್ರ ಹಿಡಿಸಿ, ಗುಳಿಗೆ ಬೆಸುಗೆ ತುಂಬಿ, ತಿಕ್ಕಿ, ಮತ್ತೆ ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವವರಿಗೆ ಬರವಿಲ್ಲ. ಆದರೆ ಕೊಡುವಾಗಲೇ ‘ಇದು ಸತು’ ಎಂದು ಹೇಳಿ. ಕಬ್ಬಿಣದ ಸಾಮಾನಿನೊಂದಿಗೆ ಆಸಿಡ್ ತೊಟ್ಟಿಗೆ ಹೋದರೆ ವಾಪಸ್ ಬರುವುದು ಅರ್ಧ ಮುಚ್ಚಳ! ಮೇಲ್ಮೈ ಮಾತ್ರವಲ್ಲ, ಒಳಗಿನ ಲೋಹವೇ ಹಲವೆಡೆ ಸೀಳಿ ಪುಡಿಯಾಗುತ್ತಿದ್ದರೆ ಖರ್ಚು ಮಾಡಬೇಡಿ. ಅದು ಎರಕದಲ್ಲೇ ಬೆರೆತ ಸೀಸದ ಕಲ್ಮಶದ ದೋಷ, ಹೊರಗಿನಿಂದ ವಾಸಿಯಾಗದು. ಆಕಾರ ಇನ್ನೂ ಇರುವಾಗಲೇ ಅಚ್ಚು ತೆಗೆದು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿ.

ಪ್ರಶ್ನೆ: ನನ್ನದು 1958ರ ಮಾರಿಸ್ ಮೈನರ್ ಕಾರು. ಕಡಲ ಗಾಳಿಗೆ ಪ್ರೆಷರ್ ಕ್ಯಾಪಿನ (ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳದ) ಸ್ಪ್ರಿಂಗ್ ತುಕ್ಕು ಹಿಡಿದಿದೆ. ಹಳೆಯದರ ಮೇಲೆ 7 ಎಂದಿದೆ, ಅಂಗಡಿಯವರು 13 ಕೊಟ್ಟಿದ್ದಾರೆ. ಹಾಕಬಹುದೆ?
– ಓದುಗರು, ಕುಂದಾಪುರ

ಉತ್ತರ: ಬೇಡ, ವಾಪಸ್ ಮಾಡಿ. ಆ ಅಂಕಿ ಪಿಎಸ್‌ಐ, ಅಂದರೆ ಒತ್ತಡದ ಲೆಕ್ಕ. 7ರ ಕ್ಯಾಪಿನಲ್ಲಿ ನೀರು ಸುಮಾರು 111 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ, ನಿಮ್ಮ ಎಂಜಿನ್‌ಗೆ ಅಷ್ಟೇ ಬೇಕಾದದ್ದು. 13 ಹಾಕಿದರೆ ಅರವತ್ತು ದಾಟಿದ ರೇಡಿಯೇಟರಿನ ಬೆಸುಗೆ, ಹೋಸ್‌ಗಳ ಮೇಲೆ ಹೊರೆ ಬೀಳುತ್ತದೆ. ತುಕ್ಕು ಹಿಡಿದ ಸ್ಪ್ರಿಂಗನ್ನು ಉಜ್ಜಿ ಮತ್ತೆ ಬಳಸುವುದೂ ಸಲ್ಲ. ಸವೆದ ಸ್ಪ್ರಿಂಗ್ ಯಾವ ಒತ್ತಡಕ್ಕೆ ತೆರೆಯುತ್ತದೆಂದು ಹೇಳಲಾಗದು. ನಡುವಿನ ಸಣ್ಣ ವಾಲ್ವ್ ಅಂಟಿಕೊಂಡಿದ್ದರೆ ಎಂಜಿನ್ ತಣಿಯುವಾಗ ಹೋಸ್ ಒಳಕ್ಕೆ ಚಪ್ಪಟೆಯಾಗುತ್ತದೆ. ಹೊಸ 7ರ ಕ್ಯಾಪ್ ಹಾಕಿ ಓಡಿಸಿ, ಹಳೆಯದನ್ನು ಒಣಗಿಸಿ ಎಣ್ಣೆ ಸವರಿ ಎತ್ತಿಡಿ, ಪ್ರದರ್ಶನದ ದಿನ ಎಂಜಿನ್ ಆರಿಸಿ ನಿಲ್ಲಿಸಿದ ಮೇಲೆ ಹಾಕಿಕೊಳ್ಳಬಹುದು.