ಈಜುವಾಗ ನಮ್ಮ ವೇಗ ನಮಗೆ ಹೇಗೆ ಗೊತ್ತಾಗುತ್ತದೆ?

ನಿಮ್ಮ ಮಗಳು 400 ಮೀಟರ್ ಈಜುವಾಗ ಮೊದಲ 100ರಲ್ಲಿ ಎಲ್ಲರಿಗಿಂತ ಮುಂದಿದ್ದು, ಕೊನೆಗೆ ಹಿಂದೆ ಬೀಳುತ್ತಾಳೆ, ನೀರಲ್ಲಿ ವೇಗ ಹಿಡಿತಕ್ಕೆ ತರೋದು ಹೇಗೆ ಅಂತ ಕೇಳಿದ್ದೀರಿ. ನನಗೂ ಅದೇ ರೋಗ ಇತ್ತು ನೋಡ್ರಿ. ಊರ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಕಲಿತವನು. ಅಲ್ಲಿ ಮೊದಲು ದಡ ಮುಟ್ಟಿದವನೇ ಗೆದ್ದ, ಅಷ್ಟೆ. ಕಲಬುರಗಿಗೆ ಬಂದು ಪೂಲ್ ಸೇರಿದ ಮೇಲೆ ಒಂದು ತಿಳಿಯಿತು: ಮೊದಲ 50 ಮೀಟರ್ ಮೈ ಸುಳ್ಳು ಹೇಳುತ್ತದೆ. ಎಷ್ಟು ಜೋರಾಗಿ ಹೋದರೂ ಹಗುರ ಅನಿಸುತ್ತದೆ.

ಅದಕ್ಕೇ ಪೇಸ್ ಕ್ಲಾಕ್ ಬೇಕು, ಸೆಕೆಂಡ್ ಮುಳ್ಳು ದೂರಕ್ಕೆ ಕಾಣುವ ದೊಡ್ಡ ಗಡಿಯಾರ. ನಮ್ಮಲ್ಲಿ ಇರಲಿಲ್ಲ. ಕೋಚ್ ಸರ್ ಮನೆಯ ಗೋಡೆ ಗಡಿಯಾರ ತಂದು ಪ್ಲಾಸ್ಟಿಕ್ ಕುರ್ಚಿ ಮೇಲಿಡುತ್ತಿದ್ದರು. ಗಾಗಲ್ಸ್ ಮಂಜಾದರೂ ಕಾಣಲಿ ಅಂತ ಮುಳ್ಳಿಗೆ ಕೆಂಪು ನೇಲ್ ಪಾಲಿಶ್!

ಲೆಕ್ಕ ಸುಲಭ. ಒಂದು ಸಲ 400, ಚೆನ್ನಾಗಿ ಸುಧಾರಿಸಿಕೊಂಡು ಒಂದು ಸಲ 200 ಪೂರ್ತಿ ದಮ್ಮು ಹಾಕಿ ಈಜಿಸಿ. 400ಕ್ಕೆ 6 ನಿಮಿಷ 40 ಸೆಕೆಂಡ್, 200ಕ್ಕೆ 3 ನಿಮಿಷ 10 ಸೆಕೆಂಡ್ ಆಯಿತು ಅನ್ನಿ. ವ್ಯತ್ಯಾಸ 210 ಸೆಕೆಂಡ್, ಅದು ಹೆಚ್ಚಿನ 200 ಮೀಟರ್‌ಗೆ ಹಿಡಿದ ಹೊತ್ತು. ಅದರ ಅರ್ಧ 105. ಅಂದರೆ 100 ಮೀಟರ್‌ಗೆ 1 ನಿಮಿಷ 45 ಸೆಕೆಂಡ್. ಇದಕ್ಕೆ ಕ್ರಿಟಿಕಲ್ ಸ್ವಿಮ್ ಸ್ಪೀಡ್ ಅನ್ನುತ್ತಾರೆ, ಸುಮಾರು ಹೊತ್ತು ಎಳೆದುಕೊಂಡು ಹೋಗಬಹುದಾದ ವೇಗ.

ಈಗ ಎಂಟು ಸಲ 100 ಮೀಟರ್, ಎರಡೆರಡು ನಿಮಿಷಕ್ಕೊಂದು. ಪ್ರತಿ ಸಲ ಮುಳ್ಳು 12ಕ್ಕೆ ಬಂದಾಗ ಹೊರಡಬೇಕು, ಗೋಡೆ ಮುಟ್ಟಿದಾಗ 9ರ ಮೇಲಿರಬೇಕು. ನಾನು ಮೊದಲನೆಯದಕ್ಕೆ 8ರಲ್ಲೇ ಮುಟ್ಟಿ ಹಲ್ಲು ಕಿರಿಯುತ್ತಿದ್ದೆ, ಆರನೆಯದಕ್ಕೆ 10 ದಾಟಿರುತ್ತಿತ್ತು. ಸರ್ ಬೈಯುತ್ತಿದ್ದುದು ಆರನೆಯದಕ್ಕಲ್ಲ, ಮೊದಲನೆಯದಕ್ಕೆ.

ಆಮೇಲೆ ಹೊಸ ನಿಯಮ ಬಂತು. ಗೋಡೆ ಮುಟ್ಟಿದ ಕೂಡಲೇ ಗಡಿಯಾರ ನೋಡುವಂತಿಲ್ಲ, ಮೊದಲು ಎಷ್ಟಾಯಿತು ಅಂತ ಹೇಳಬೇಕು. ಶುರುವಿಗೆ ಐದಾರು ಸೆಕೆಂಡ್ ತಪ್ಪುತ್ತಿತ್ತು. ಎರಡು ತಿಂಗಳಲ್ಲಿ ಒಂದೆರಡಕ್ಕೆ ಇಳಿಯಿತು. ನನ್ನ ಕೇಳಿದರೆ ನಿಜವಾದ ಪಾಠ ಇದೇ, ಕೈ ಬೀಸುವ ತಾಳಕ್ಕೆ ಬೀಪ್ ಅನ್ನುವ ಪುಟ್ಟ ಯಂತ್ರ, ಟೆಂಪೋ ಟ್ರೇನರ್, ಎಲ್ಲ ಆಮೇಲೆ. ಪೂಲ್‌ನ ಒಂದು ಉದ್ದಕ್ಕೆ ಎಷ್ಟು ಸ್ಟ್ರೋಕ್, ಅಂದರೆ ಎಷ್ಟು ಸಲ ಕೈ ಬೀಸಿದಳು ಅಂತಲೂ ಎಣಿಸಲಿ. ಟೈಮ್ ಅಷ್ಟೇ ಇದ್ದು ಸ್ಟ್ರೋಕ್ ಜಾಸ್ತಿಯಾದರೆ ದಣಿದಿದ್ದಾಳೆ ಅಂತಲೇ.

ದೊಡ್ಡವರೂ ಇದನ್ನೇ ಮಾಡುವುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಬಾಬಿ ಫಿಂಕೆ 1500 ಮೀಟರನ್ನು 14:30.67ರಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ. ಸರಾಸರಿ ತೆಗೆದರೆ ಪ್ರತಿ 50ಕ್ಕೆ 29 ಸೆಕೆಂಡ್, ಮೂವತ್ತು ಸಲ!

ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಸ್ವಲ್ಪ ಸಡಿಲ ಬಿಡಿ. ನಮ್ಮ ಬಿಸಿಲಿಗೆ ಪೂಲ್ ನೀರು ಕಾದಿರುತ್ತದೆ, ಅದೇ ವೇಗಕ್ಕೂ ಎದೆಬಡಿತ ಏರುತ್ತದೆ. ಆಗ ಬೆಳಗಿನ ಬ್ಯಾಚ್‌ಗೆ ಹಾಕಿ.