ಡೆಕ್ಕಿನ ಸ್ಟೇನ್ ಪಟ್ಟೆಪಟ್ಟೆಯಾಗಿದ್ದರೆ ರೋಲರ್ ಬಿಟ್ಟು ಬ್ರಷ್ ಹಿಡಿಯಿರಿ
ನಿಮ್ಮ ಡೆಕ್ಕಿಗೆ, ಅಂದರೆ ಮನೆಯ ಹೊರಗಿನ ಮರದ ಹಲಗೆಯ ಜಗಲಿಗೆ, ಹಚ್ಚಿದ ಎಣ್ಣೆ ಆಧಾರಿತ ಸ್ಟೇನ್ (ಮರದೊಳಕ್ಕೆ ಇಂಗುವ ಬಣ್ಣ) ಪಟ್ಟೆಪಟ್ಟೆಯಾಗಿರುವುದಕ್ಕೂ ಹಲಗೆಗಳ ಸಂದುಗಳು ಬೋಳಾಗಿ ಉಳಿದಿರುವುದಕ್ಕೂ ಬಹುಶಃ ನೀವು ಬಳಸಿದ ರೋಲರೇ ಕಾರಣ. ಅದು ಸ್ಟೇನನ್ನು ಮೇಲ್ಮೈಯಲ್ಲಿ ಹರಡುತ್ತದೆಯೇ ಹೊರತು ಮರದೊಳಕ್ಕೆ ಒತ್ತುವುದಿಲ್ಲ. ಆದರೆ ಹಳೆಯ ಸೀಲರ್ (ನೀರು ಇಂಗದಂತೆ ಮರಕ್ಕೆ ಹಚ್ಚುವ ಲೇಪ) ಉಳಿದಿದ್ದರೂ ಹೀಗಾಗಬಹುದಾದ್ದರಿಂದ, ಮೊದಲು ಬಣ್ಣ ಹಿಡಿಯದ ಜಾಗದಲ್ಲಿ ನಾಲ್ಕು ಹನಿ ನೀರು ಹಾಕಿ ನೋಡಿ. ನೀರು ಇಂಗದೆ ಮಣಿಯಂತೆ ನಿಂತರೆ ಹಳೆಯ ಲೇಪ ಕಿತ್ತು ತೆಗೆಯುವ ಸ್ಟ್ರಿಪ್ಪರ್ ದ್ರಾವಣ ಹಚ್ಚಿ ತೊಳೆದು, ಪೂರ್ತಿ ಒಣಗಿದ ಮೇಲೆ 60ರಿಂದ 80 ಗ್ರಿಟ್‌ನ ಒರಟು ಸ್ಯಾಂಡ್ ಪೇಪರಿನಿಂದ ಉಜ್ಜಲೇಬೇಕು.

ನೀರು ಇಂಗಿದರೆ, ಅಥವಾ ಹೀಗೆ ಉಜ್ಜಿ ಮುಗಿದ ಮೇಲೆ, 4 ಇಂಚಿನ ದಪ್ಪ ಬ್ರಷ್ ಕೊಳ್ಳಿ. ನಿಮ್ಮ ಎಣ್ಣೆ ಸ್ಟೇನಿಗೆ ನೈಸರ್ಗಿಕ ಕೂದಲಿನದು ಒಳ್ಳೆಯದು. ನೀರಿನ ಸ್ಟೇನಿನಲ್ಲಿ ಮಾತ್ರ ಆ ಕೂದಲು ನೀರು ಕುಡಿದು ಮೆತ್ತಗಾಗುವುದರಿಂದ ಸಿಂಥೆಟಿಕ್ ಬೇಕು. ಒಮ್ಮೆಗೆ ಎರಡು ಮೂರು ಹಲಗೆಗಳನ್ನಷ್ಟೇ ಹಿಡಿದು, ಹಚ್ಚಿದ ಅಂಚು ಒಣಗಲು ಬಿಡದೆ, ಈ ತುದಿಯಿಂದ ಆ ತುದಿಯವರೆಗೆ ಎಳೆಯಿರಿ. ನಡುವೆ ನಿಲ್ಲಿಸಿದರೆ ಅಲ್ಲೇ ಕಪ್ಪು ಗೆರೆ ಮೂಡುತ್ತದೆ. ಹೀರದೆ ಉಳಿದದ್ದನ್ನು ಡಬ್ಬಿಯ ಮೇಲೆ ಹೇಳಿರುವ ಸಮಯಕ್ಕೆ ಬಟ್ಟೆಯಿಂದ ಒರೆಸಿ.

ಮರದ ಬೇಲಿಗೂ ಸ್ಟೇನ್ ಹಚ್ಚುವುದಿದ್ದರೆ ಪಂಪ್ ಸ್ಪ್ರೇಯರ್ ಸಾಕು, ಆದರೆ ಸಿಂಪಡಿಸಿದ ಬೆನ್ನಿಗೇ ಬ್ರಷ್ ಆಡಿಸಬೇಕು.

ಎಣ್ಣೆ ಒರೆಸಿದ ಬಟ್ಟೆಗಳನ್ನು ದಯವಿಟ್ಟು ಮುದ್ದೆ ಮಾಡಿ ಇಡಬೇಡಿ, ತಾವಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ.