ಹಾಸಿಗೆಯಲ್ಲಿ ಅಮ್ಮ, ಮಾತಿನಲ್ಲಿ ಮಗು

“ಆಗ ಮಗುವನ್ನು ಕೊಂದೆ, ಈಗ ಅಮ್ಮನನ್ನೂ ಕೊಲ್ಲುತ್ತೀಯಾ?”

ತೀವ್ರ ನಿಗಾ ಘಟಕದ ಬಾಗಿಲಲ್ಲಿ ತಮ್ಮ ತನ್ನ ಅಕ್ಕನಿಗೆ ಹೇಳಿದ ಮಾತು ಇದು. ಕೇಳಿಸಿಕೊಂಡ ದಾದಿಯೊಬ್ಬರು ಇಬ್ಬರನ್ನೂ ಆಸ್ಪತ್ರೆಯಲ್ಲಿ ಆಪ್ತಸಲಹೆ ಕೊಡುವ ನನ್ನ ಕೋಣೆಗೆ ಕಳಿಸಿದರು. ಇಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರು ಅಕ್ಕ, ತಮ್ಮ ಅಷ್ಟೇ.

ತಾಯಿಗೆ ಎಪ್ಪತ್ತು ದಾಟಿತ್ತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು, ಅದರ ಮೇಲೆ ನ್ಯುಮೋನಿಯಾ. ಹನ್ನೆರಡು ದಿನಗಳಿಂದ ವೆಂಟಿಲೇಟರಿನಲ್ಲಿದ್ದರು, ಪ್ರಜ್ಞೆ ಇರಲಿಲ್ಲ. ಮೂತ್ರಪಿಂಡಗಳೂ ಸೋಲತೊಡಗಿದಾಗ ವೈದ್ಯರು ಮಕ್ಕಳನ್ನು ಕೂರಿಸಿಕೊಂಡು ಮಾತನಾಡಿದ್ದರು. ಡಯಾಲಿಸಿಸ್ ಮಾಡಿದರೆ ಕೆಲವು ದಿನಗಳು ಸಿಗಬಹುದು, ಗುಣವಂತೂ ಆಗುವುದಿಲ್ಲ; ಯಂತ್ರಗಳನ್ನು ನಿಲ್ಲಿಸಿ ನೋವು, ಉಬ್ಬಸ ಬಾರದಂತೆ ನೋಡಿಕೊಳ್ಳುವ ದಾರಿಯೂ ಇದೆ ಎಂದಿದ್ದರು. ಅಕ್ಕ ಎರಡನೆಯದಕ್ಕೆ ವಾಲಿದ್ದರು. ತಮ್ಮ ಒಪ್ಪಿರಲಿಲ್ಲ.

ಕುಟುಂಬ ಕಥೋಲಿಕರದು. ಅಕ್ಕ ಇಂದಿಗೂ ಅದೇ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಇದ್ದಾರೆ. ತಮ್ಮ ಮದುವೆಯ ನಂತರ ಪ್ರೊಟೆಸ್ಟಂಟ್ ಪಂಥವಾದ ಬ್ಯಾಪ್ಟಿಸ್ಟ್ ಸಭೆಗೆ ಸೇರಿ, ಅಲ್ಲಿ ಹಿರಿಯರಲ್ಲಿ ಒಬ್ಬರಾಗಿದ್ದಾರೆ. ಎಂಟು ವರ್ಷಗಳ ಹಿಂದೆ, ಅಕ್ಕನ ಗರ್ಭಕ್ಕೆ ಇಪ್ಪತ್ತು ವಾರಗಳಾದಾಗ, ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆಬುರುಡೆಯೂ ಮೆದುಳಿನ ಬಹುಭಾಗವೂ ಬೆಳೆದಿಲ್ಲವೆಂದು ಕಂಡಿತು. ಹುಟ್ಟಿದರೂ ಕೆಲವು ತಾಸು, ಹೆಚ್ಚೆಂದರೆ ಕೆಲವು ದಿನ ಎಂದರು ವೈದ್ಯರು. ಆಕೆ ಗರ್ಭಪಾತ ಮಾಡಿಸಿಕೊಂಡರು. ಅಂದಿನಿಂದ ಅಕ್ಕ–ತಮ್ಮನ ನಡುವೆ ಹಬ್ಬದ ಶುಭಾಶಯಕ್ಕಿಂತ ಹೆಚ್ಚಿನ ಮಾತಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಅವರು ಬೈಬಲ್ ವಚನಕ್ಕೆ ವಚನ ಎತ್ತಿಹಾಕುವುದನ್ನು ಬಹಳ ಹೊತ್ತು ತಡೆಯಲಿಲ್ಲ. ತಮ್ಮ ಕೀರ್ತನೆ 139 ಹೇಳಿದರು: ತಾಯಿಯ ಗರ್ಭದಲ್ಲಿ ನನ್ನನ್ನು ರೂಪಿಸಿದವನು ದೇವರು. ಅಕ್ಕ ವಿಮೋಚನಕಾಂಡದ 21ನೆಯ ಅಧ್ಯಾಯ ಹೇಳಿದರು. ಜಗಳವಾಡುವವರ ಪೆಟ್ಟು ತಗಲಿ ಗರ್ಭಿಣಿಯ ಮಗು ಹೊರಬಂದರೆ, ಬೇರೆ ಹಾನಿಯಾಗದಿದ್ದಲ್ಲಿ ದಂಡ ತೆತ್ತರೆ ಸಾಕು ಎನ್ನುತ್ತದೆ ಆ ಕಟ್ಟಳೆ. ಹಳೆಯ ಗ್ರೀಕ್ ಅನುವಾದದಲ್ಲಿ ಅದೇ ಮಾತು ಬೇರೆ ಅರ್ಥಕ್ಕೆ ತಿರುಗುತ್ತದೆ: ಶಿಶು ಪೂರ್ಣ ರೂಪ ತಳೆದಿರದಿದ್ದರೆ ದಂಡ, ತಳೆದಿದ್ದರೆ ಜೀವಕ್ಕೆ ಜೀವ. ಆ ‘ರೂಪ’ದ ಜಾಡು ಹಿಡಿದೇ ಸಂತ ಅಗಸ್ಟೀನರು, ಆಮೇಲೆ ಸಂತ ಥಾಮಸ್ ಅಕ್ವಿನಾಸರು ಆರಂಭದ ಗರ್ಭಪಾತವನ್ನು ಪಾಪವೆಂದರೂ ನರಹತ್ಯೆಯೆಂದು ಎಣಿಸಲಿಲ್ಲ. ನಾಲ್ಕನೆಯ ಶತಮಾನದ ಸಂತ ಬೆಸಿಲರು ಮಾತ್ರ ಅಂಥ ಭೇದವನ್ನೇ ತಳ್ಳಿಹಾಕಿದ್ದರು. ಆರ್ಥಡಾಕ್ಸ್ ಸಭೆ ಇಂದಿಗೂ ಅವರ ಮಾತನ್ನು ನೆನೆಯುತ್ತದೆ. ಕಥೋಲಿಕ ಸಭೆಯ ದಂಡನೆಯ ನಿಯಮದಿಂದ ಆ ಭೇದ ಬಿದ್ದುಹೋದದ್ದು 1869ರಲ್ಲಿ, ಪೋಪ್ ಒಂಬತ್ತನೆಯ ಪಿಯುಸ್ ಅವರ ಕಾಲದಲ್ಲಿ.

ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದು ಅಕ್ಕನನ್ನು ಕೇಳಿದೆ. “ಎಂಟು ವರ್ಷಗಳಿಂದ ರಾತ್ರಿ ಓದುತ್ತಿದ್ದೇನೆ” ಎಂದರು. “ಎಲ್ಲಾದರೂ ನನಗೊಂದು ಬಾಗಿಲು ತೆರೆದೀತೇ ಎಂದು. ಪ್ರಯೋಜನವಾಗಲಿಲ್ಲ. ನನ್ನ ಮಗುವಿಗೆ ಬೆರಳುಗಳಿದ್ದವು.”

ಆ ಮಾತಿಗೆ ತಮ್ಮನ ಬಾಯಿ ಕಟ್ಟಿತು. ಆಕೆ ಎಂಟು ವರ್ಷ ವಾದ ಮಾಡುತ್ತ ಬಂದದ್ದು ತನ್ನೊಂದಿಗಲ್ಲ ಎಂಬುದು ಅವರಿಗೆ ಆಗ ಹೊಳೆದಿರಬೇಕು. ನನಗೂ ಅಲ್ಲಿಯೇ ದಾರಿ ಕಂಡಿತು. ಇಬ್ಬರೂ ‘ಕೊಲೆ’ ಎಂಬ ಒಂದೇ ಪದದಲ್ಲಿ ಎರಡು ಸಾವುಗಳನ್ನು ಕಟ್ಟಿಹಾಕಿದ್ದರು. ಆ ಗಂಟು ಬಿಚ್ಚದೆ ತಾಯಿಯ ವಿಷಯದಲ್ಲಿ ಒಂದು ಹೆಜ್ಜೆಯೂ ಇಡುವಂತಿರಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ ಇದು: ತಾಯಿ ಈ ಆಸ್ಪತ್ರೆಯಲ್ಲಿ ಇರುವಷ್ಟು ದಿನ ಇಬ್ಬರೂ ಆ ಪದ ಬಳಸಬೇಡಿ. ಮಗುವಿನ ವಿಷಯಕ್ಕೆ ಬೇರೆ ದಿನ, ಬೇರೆ ಭೇಟಿ ಕೊಡುತ್ತೇನೆ. ಈಗ ಕೇಳಬೇಕಾದ ಪ್ರಶ್ನೆ, ಅಮ್ಮನಿಗೆ ಏನು ಬೇಕಿತ್ತು, ಮತ್ತು ನಿಮ್ಮ ನಿಮ್ಮ ಸಭೆ ಅದಕ್ಕೆ ನಿಜವಾಗಿ ಏನು ಹೇಳುತ್ತದೆ.

‘ನಿಜವಾಗಿ’ ಎಂದು ಒತ್ತಿ ಹೇಳಿದೆ. ಈ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡಿದ್ದೇನೆ, ಜನ ತಮ್ಮ ಸಭೆ ಹೇಳಿದ್ದಕ್ಕಿಂತ ಕಠಿಣವಾದುದನ್ನು ಹೊತ್ತುಕೊಂಡು ನರಳುತ್ತಾರೆ. ಯಂತ್ರ ನಿಲ್ಲಿಸುವುದು ಕಥೋಲಿಕರಿಗೆ ಎಂದೂ ಸಲ್ಲದು ಎಂದು ಅಕ್ಕ ತಿಳಿದಿದ್ದರು. ಆದರೆ ಪೋಪ್ ಹನ್ನೆರಡನೆಯ ಪಿಯುಸ್ ಅವರು 1957ರಲ್ಲೇ ಅರಿವಳಿಕೆ ತಜ್ಞರೊಂದಿಗೆ ಮಾತನಾಡುತ್ತ, ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ, ಅಸಾಧಾರಣ ಉಪಾಯಗಳಿಗೆ ಆ ಕಡ್ಡಾಯವಿಲ್ಲ ಎಂದಿದ್ದರು. ಉಸಿರಾಟದ ಯಂತ್ರವೇ ಆ ಮಾತಿನ ಸಂದರ್ಭ. ಸಾವು ಹತ್ತಿರವಾಗಿ ತಪ್ಪಿಸಲಾಗದೆ ಇರುವಾಗ, ಯಾತನೆಯ ಬದುಕನ್ನು ಎಳೆಯುವುದಷ್ಟೇ ಆಗುವ ಚಿಕಿತ್ಸೆಯನ್ನು ಒಲ್ಲೆನ್ನಬಹುದು, ಸಹಜ ಆರೈಕೆಯನ್ನು ಮಾತ್ರ ಬಿಡಬಾರದು ಎಂದು 1980ರ ವ್ಯಾಟಿಕನ್ ಘೋಷಣೆಯೂ ಹೇಳುತ್ತದೆ. ಅದೇ ಘೋಷಣೆ, ಸಾವನ್ನೇ ಗುರಿಯಾಗಿಟ್ಟು ಚುಚ್ಚುಮದ್ದು ಕೊಡುವುದನ್ನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ. ಈ ಎರಡರ ನಡುವಿನ ಗೆರೆಯ ಮೇಲೆಯೇ ಅವರ ಇಡೀ ಬೋಧನೆ ನಿಂತಿದೆ.

ಎಲ್ಲ ಕ್ರೈಸ್ತರೂ ಆ ಗೆರೆಯನ್ನು ಅಲ್ಲಿಯೇ ಎಳೆಯುವುದಿಲ್ಲ. ಕೆನಡಾದ ಯುನೈಟೆಡ್ ಚರ್ಚ್, ವೈದ್ಯರ ನೆರವಿನ ಸಾವನ್ನು ತಾತ್ವಿಕವಾಗಿ ವಿರೋಧಿಸುವುದಿಲ್ಲ ಎಂದು 2017ರಲ್ಲಿ ಹೇಳಿತು. ಪ್ರೀತಿಯ ದೇವರು ಕೊನೆಯ ಯಾತನೆಯನ್ನು ಬೇಡುವುದಿಲ್ಲ ಎಂಬುದು ಹಾಗೆ ನಂಬುವವರ ವಾದ. ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಈ ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅಕ್ಕ ಕೇಳಿದ್ದು ಸಾಯಿಸಿ ಎಂದಲ್ಲ, ಇನ್ನು ತಡೆಯಬೇಡಿ ಎಂದು.

ತಮ್ಮನಿಗೆ ಇನ್ನೊಂದು ಭಯವಿತ್ತು: ಮಾರ್ಫಿನ್. ಅದೇ ಅಮ್ಮನ ಜೀವ ತೆಗೆಯುತ್ತದೆ ಎಂದುಕೊಂಡಿದ್ದರು. ವೈದ್ಯರನ್ನೇ ಕರೆಸಿ, ಪ್ರಮಾಣವನ್ನು ನೋವು, ಉಬ್ಬಸ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ ಎಂಬುದನ್ನು ವಿವರಿಸಲು ಹೇಳಿದೆ. ನೋವು ತಗ್ಗಿಸುವುದೇ ಉದ್ದೇಶವಾಗಿದ್ದರೆ, ಅದರಿಂದ ಆಯುಸ್ಸು ಕುಗ್ಗಬಹುದಾದರೂ ಔಷಧ ಕೊಡಬಹುದು ಎಂದು 1957ರಲ್ಲಿ ಅದೇ ಪೋಪ್ ಹೇಳಿದ್ದನ್ನೂ ತಿಳಿಸಿದೆ. “ಪೋಪ್ ಮಾತು ನನಗೆ ಪ್ರಮಾಣವಲ್ಲ” ಎಂದರು. ಸರಿಯೇ. ಹಾಗಾದರೆ ನಿಮ್ಮ ಪಾಸ್ಟರ್ ಬಳಿ ಹೋಗಿ, ವೈದ್ಯರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ನಿಮ್ಮ ಸಿಟ್ಟನ್ನು ಬದಿಗಿಟ್ಟು ಆ ಹಾಳೆಯನ್ನಷ್ಟೇ ಓದಿಹೇಳಿ ಎಂದೆ. ಅಕ್ಕನಿಗೂ ಫಾದರ್ ಬಳಿ ಹಾಗೆಯೇ ಮಾಡಲು ಹೇಳಿದೆ.

ಎರಡನೆಯ ಭೇಟಿಯಲ್ಲಿ ತಮ್ಮ ಬಹಳ ಹೊತ್ತು ಸುಮ್ಮನಿದ್ದರು. ಅಮ್ಮನನ್ನು ಉಳಿಸಲು ದೇವರಿಗೆ ಯಂತ್ರ ಬೇಕಾಗಿಲ್ಲ ಎಂದಿದ್ದರಂತೆ ಪಾಸ್ಟರ್. ಆಮೇಲೆ ತಾವಾಗಿಯೇ ಹೇಳಿದರು: ಆಸ್ಪತ್ರೆಗೆ ಸೇರುವ ಮೊದಲು ತಾಯಿ “ನನ್ನನ್ನು ಕೊಳವೆಗಳಲ್ಲಿ ಕಟ್ಟಿಹಾಕಬೇಡಪ್ಪಾ” ಎಂದಿದ್ದರು. ಉಸಿರು ಸಿಕ್ಕಿಕೊಂಡ ರಾತ್ರಿ ವೆಂಟಿಲೇಟರಿಗೆ ಸಹಿ ಹಾಕಿದವರು ಇವರೇ. ಈಗ ತೆಗೆಯಿರಿ ಎಂದರೆ ಅಂದಿನ ಸಹಿ ತಪ್ಪೆಂದು ಒಪ್ಪಿದಂತೆ, ಬೇಡವೆಂದರೆ ಅಮ್ಮನ ಮಾತು ಮುರಿದಂತೆ. ನಾನು ಹೇಳಿದೆ, ಆ ರಾತ್ರಿ ನ್ಯುಮೋನಿಯಾ ವಾಸಿಯಾಗುವ ಆಸೆ ಇತ್ತು, ಸಹಿ ಸರಿಯಾಗಿತ್ತು. ಇಂದು ಆ ಆಸೆ ಇಲ್ಲ. ಎರಡೂ ನಿರ್ಧಾರಗಳು ಒಬ್ಬ ಮಗನ ಪ್ರೀತಿಯಿಂದಲೇ ಬರಬಹುದು.

ಡಯಾಲಿಸಿಸ್ ಬೇಡವೆಂದು ಇಬ್ಬರೂ ತಿಳಿಸಿದರು. ಫಾದರ್ ಬಂದು ತಾಯಿಯ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ತಮ್ಮ ಯೋಬನ ಮಾತು ಓದಿದರು, “ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು.” ವೆಂಟಿಲೇಟರ್ ತೆಗೆದ ಐದು ತಾಸಿನ ನಂತರ ತಾಯಿ ತೀರಿಕೊಂಡರು.

ಮಗುವಿನ ವಿಷಯ ಉಳಿದಿತ್ತು. ಅಕ್ಕನೊಬ್ಬರೇ ಬಂದರು. ಅದು ತಪ್ಪೇ ಅಲ್ಲ ಎಂದು ನಾನು ಹೇಳಲಿಲ್ಲ. ಆಕೆ ಸೇರಿದ ಸಭೆ ಮಗು ಬದುಕುವುದಿಲ್ಲವೆಂದು ಗೊತ್ತಿದ್ದಾಗಲೂ ನೇರ ಗರ್ಭಪಾತವನ್ನು ಗಂಭೀರ ಪಾಪವೆನ್ನುತ್ತದೆ, ಆಕೆಗೂ ಅದು ಗೊತ್ತು. ಮೃದುವಾಗಿ ಸುಳ್ಳು ಹೇಳಿದರೆ ಆಕೆ ನಂಬುತ್ತಿರಲಿಲ್ಲ. ಆದರೆ ಅದೇ ಸಭೆಯಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಇಡೀ ಸಭೆಗೆ ಬರೆದ 1995ರ ವಿಶ್ವಪತ್ರದಲ್ಲಿ ಇಂಥ ತಾಯಂದಿರನ್ನೇ ಉದ್ದೇಶಿಸಿ, ಭರವಸೆ ಬಿಡಬೇಡಿ ಎಂದು ಬರೆದಿದ್ದಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಈ ಪಾಪಕ್ಕೆ ಕ್ಷಮೆ ನೀಡುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಮುಂದುವರಿಸಿದರು. ಇಷ್ಟು ಓದಿದ ಆಕೆ ಇವೆರಡನ್ನು ಓದಿರಲಿಲ್ಲ. ದೋಷ ಹುಡುಕುವ ಕಣ್ಣಿಗೆ ಕ್ಷಮೆಯ ಪುಟ ಬಿದ್ದಿರಲಿಲ್ಲ. ಪಾಪನಿವೇದನೆಗೆ ಹೋಗುವುದು ಬಿಡುವುದು ನಿಮಗೆ ಸೇರಿದ್ದು, ಹೋಗುವುದಾದರೆ ಅಮ್ಮನಿಗೆ ಎಣ್ಣೆ ಹಚ್ಚಿದ ಫಾದರ್ ಬಳಿಗೇ ಹೋಗಿ ಎಂದೆ.

ತಮ್ಮನಿಗೂ ಒಂದು ಸಂಗತಿ ತಿಳಿಸಿದೆ, ವಾದದಲ್ಲಿ ಗೆಲ್ಲಲು ಅಲ್ಲ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1971ರ ಠರಾವಿನಲ್ಲಿ, ಶಿಶುವಿಗೆ ತೀವ್ರ ಅಂಗದೋಷವಿರುವುದು ಖಚಿತವಾದರೆ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡಬೇಕೆಂದಿದ್ದರು. 1980ರ ಹೊತ್ತಿಗೆ ತಾಯಿಯ ಜೀವಕ್ಕೆ ಅಪಾಯವಿರುವ ಸಂದರ್ಭವೊಂದನ್ನೇ ಉಳಿಸಿಕೊಂಡರು. ಸತ್ಯವೇದ ಓದಿಕೊಂಡೇ ಪ್ರಾಮಾಣಿಕರು ಎರಡು ಕಡೆ ನಿಂತಿದ್ದರು ಎಂದಷ್ಟೇ ಹೇಳಿದೆ.

ಅವರು ಯೋಚಿಸಿ ಉತ್ತರಿಸಿದರು. “ಅಕ್ಕ ಮಾಡಿದ್ದು ತಪ್ಪೆಂದೇ ಇಂದಿಗೂ ನನ್ನ ನಂಬಿಕೆ. ಆದರೆ ಅಂದು ಅವಳು ಆಸ್ಪತ್ರೆಯಲ್ಲಿ ಒಬ್ಬಳೇ ಇದ್ದಳು. ನಾನು ಹೋಗಲಿಲ್ಲ.”

ಮೊದಲನೆಯ ಮಾತು ಆಕೆಗೆ ಗೊತ್ತಿದೆ, ಉಳಿದದ್ದನ್ನು ಆಕೆಗೆ ಹೇಳಿ ಎಂದೆ.

ಮುಂದಿನ ವಾರ ಬಂದಾಗ ಅಕ್ಕ ಅದನ್ನು ನನಗೆ ಹೇಳಿದರು, ತಮ್ಮ ಹೇಳಿದಂತೆಯೇ, ಒಂದಕ್ಷರ ಬಿಡದೆ.